ನಾಲೆಯ ನೀರನ್ನು ನಡೆಸುವುದು ಯಾವುದು?

ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟಿನಿಂದ ಹೊರಟ ನೀರು ಬಲದಂಡೆಯ ನಾಲೆಯಲ್ಲಿ ನೂರು ಕಿಲೋಮೀಟರಿನಷ್ಟು ದಾರಿಯನ್ನು ಸವೆಸಿ, ಕವಲುಗಳಾಗಿ ಒಡೆದು, ದಾವಣಗೆರೆ ಸೀಮೆಯ ಗದ್ದೆಗಳನ್ನು ಸೇರುತ್ತದೆ. ಹರಿಹರ ತಾಲ್ಲೂಕಿನ ಭಾನುವಳ್ಳಿಯ ಸುತ್ತಣ ಭತ್ತದ ಬಯಲು ಈ ಜಾಲದ ಕೊನೆಯ ಮಗ್ಗುಲಿನಲ್ಲಿದೆ. ಇಷ್ಟು ದೂರ ನೀರನ್ನು ನಡೆಸಿ ತರುವುದಕ್ಕೆ ಯಂತ್ರವಿಲ್ಲ, ಎಣ್ಣೆಯಿಲ್ಲ, ವಿದ್ಯುತ್ತಿಲ್ಲ. ಹಾಗಾದರೆ ಅದನ್ನು ನಡೆಸುವುದು ಯಾವುದು? ಬಲ, ಚಲನೆ, ಗುರುತ್ವಾಕರ್ಷಣೆ ಎಂದು ಶಾಲೆಯ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿರುವ ಮೂರು ಪಾಠಗಳೂ ಈ ಒಂದು ಪ್ರಶ್ನೆಯಲ್ಲಿ ಬಂದು ಕೂಡುತ್ತವೆ.

ಬೀಳುವ ಕಲ್ಲು

ಕೈಬಿಟ್ಟ ಕಲ್ಲು ನೆಲಕ್ಕೆ ಬೀಳುತ್ತದೆ. ಭೂಮಿಯು ತನ್ನ ಮೇಲಿನ ಸಕಲ ವಸ್ತುಗಳನ್ನೂ ತನ್ನ ಕೇಂದ್ರದತ್ತ ಸೆಳೆಯುತ್ತಿರುವುದೇ ಇದಕ್ಕೆ ಕಾರಣ. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತ ಹೋಗುತ್ತದೆ. ಈ ಏರಿಕೆಗೆ ವೇಗೋತ್ಕರ್ಷವೆಂದು ಹೆಸರು. ಭಾರವಾದುದು ಬೇಗ ಬೀಳುವುದೆಂಬ ಹಳೆಯ ನಂಬಿಕೆಯನ್ನು ಇಟಲಿಯ ಗೆಲಿಲಿಯೊ ಅಲ್ಲಗಳೆದನು. 1971ರಲ್ಲಿ ಗಾಳಿಯಿಲ್ಲದ ಚಂದ್ರನ ಮೇಲೆ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್ ಒಂದು ಸುತ್ತಿಗೆಯನ್ನೂ ಒಂದು ಗರಿಯನ್ನೂ ಒಮ್ಮೆಗೇ ಕೈಬಿಟ್ಟಾಗ ಅವೆರಡೂ ಜೊತೆಯಾಗಿಯೇ ನೆಲ ಮುಟ್ಟಿದವು.

ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ. ಅಷ್ಟು ಎತ್ತರದಿಂದ ಬಿಟ್ಟ ಕಲ್ಲು, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಮೂರೂವರೆ ಸೆಕೆಂಡಿನೊಳಗೆ ಕೆಳಗೆ ತಲುಪುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ನಾಲೆಯ ನೀರನ್ನು ಎಳೆಯುತ್ತಿರುವುದೂ ಇದೇ ಭೂಮಿ. ಆದರೂ ಅದು ದಾರಿಹೋಕನಂತೆ ನಿಧಾನವಾಗಿ ನಡೆಯುತ್ತದೆ. ಇದೇಕೆ?

ಇಳಿಜಾರಿನ ಲೆಕ್ಕ

ನಾಲೆಯ ತಳ ನೋಡುವವರ ಕಣ್ಣಿಗೆ ಸಮತಟ್ಟಾಗಿಯೇ ತೋರುತ್ತದೆ. ವಾಸ್ತವವಾಗಿ ಅದಕ್ಕೆ ಅತ್ಯಲ್ಪವಾದ ಇಳಿಜಾರಿರುತ್ತದೆ. ಲೆಕ್ಕಕ್ಕಾಗಿ ಐದು ಸಾವಿರ ಅಡಿಗೆ ಒಂದು ಅಡಿಯೆಂದು ಹಿಡಿಯೋಣ. ಆಗ ನೀರಿನ ತೂಕದಲ್ಲಿ ಐದು ಸಾವಿರದ ಒಂದು ಪಾಲು ಮಾತ್ರ ಅದನ್ನು ಮುಂದಕ್ಕೆ ಎಳೆಯುತ್ತದೆ. ಮಿಕ್ಕ ಭಾರವನ್ನೆಲ್ಲ ನಾಲೆಯ ತಳವೇ ಹೊರುತ್ತದೆ. ಸಾವಿರ ಕಿಲೋಗ್ರಾಂ ನೀರನ್ನು ಮುನ್ನಡೆಸುವುದು ಇನ್ನೂರು ಗ್ರಾಂ ತೂಕದಷ್ಟು ಬಲ!

ಅಲ್ಪವಾದರೂ ಈ ಬಲ ಎಡೆಬಿಡದೆ ಎಳೆಯುತ್ತದೆ. ಬೇರೆ ಯಾವ ತಡೆಯೂ ಇಲ್ಲದಿದ್ದರೆ ನೂರು ಕಿಲೋಮೀಟರಿನ ಕೊನೆಯಲ್ಲಿ ನೀರು ಗಂಟೆಗೆ 70 ಕಿಲೋಮೀಟರಿಗೂ ಮಿಕ್ಕ ವೇಗದಿಂದ ನುಗ್ಗಿ ಗದ್ದೆಯ ಬದುಗಳನ್ನೇ ಕೊಚ್ಚಿಕೊಂಡು ಹೋಗಬೇಕಾಗಿತ್ತು. ಹಾಗಾಗದಂತೆ ಕಾಪಾಡುವುದು ಘರ್ಷಣೆ. ತಳವೂ ದಂಡೆಗಳೂ ನೀರನ್ನು ಹಿಂದಕ್ಕೆ ಹಿಡಿಯುತ್ತವೆ. ನೀರು ಎಷ್ಟು ವೇಗವಾಗಿ ಹರಿಯುವುದೋ ಈ ಹಿಡಿತವೂ ಅಷ್ಟು ಬಲವಾಗುತ್ತದೆ. ಎಳೆತವೂ ತಡೆಯೂ ಸರಿಸಮನಾದೊಡನೆ ವೇಗದ ಏರಿಕೆ ನಿಲ್ಲುತ್ತದೆ. ಆದರೆ ಹರಿವು ನಿಲ್ಲುವುದಿಲ್ಲ.

ಅನೇಕ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎದುರುಬದುರಾದ ಬಲಗಳು ಸಮವಾದರೆ ವಸ್ತು ನಿಂತುಬಿಡಬೇಕೆಂದು ಅವರು ಭಾವಿಸುತ್ತಾರೆ. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ ಹೇಳಿದ ಮೊದಲನೆಯ ನಿಯಮ ಬೇರೆಯಾಗಿದೆ: ಬಲಗಳು ಸರಿದೂಗಿದಾಗ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ಬಲ ಬೇಕಾಗುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ನಾಲೆಯ ನೀರಿನ ಸಮಗತಿಯೇ ಈ ನಿಯಮಕ್ಕೆ ಸಾಕ್ಷಿ.

ಎತ್ತರವೆಂಬ ಮೂಲಧನ

ಜಲಾಶಯದ ಪೂರ್ಣಮಟ್ಟವು ಹರಿಹರದ ನೆಲಕ್ಕಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಈ ಎತ್ತರವೇ ನೀರಾವರಿಯ ಮೂಲಧನ. ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯಾಗಿ ಹರಿಹರದ ಮಗ್ಗುಲಿಗೇ ಬರುತ್ತಾಳೆ. ಆದರೆ ನದಿ ತನ್ನ ಎತ್ತರವನ್ನೆಲ್ಲ ದಾರಿಯಲ್ಲಿ ವೆಚ್ಚ ಮಾಡಿ, ಗದ್ದೆಗಳಿಗಿಂತ ಕೆಳಗೆ ಹರಿಯುತ್ತಾಳೆ. ಅವಳ ಒಂದು ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಮೇಲೆತ್ತಲು ಕನಿಷ್ಠ 98,000 ಜೂಲ್ ಶಕ್ತಿ ಬೇಕು. ಅದನ್ನು ಪಂಪು ಒದಗಿಸಬೇಕು, ರೈತ ಬೆಲೆ ತೆರಬೇಕು. ನಾಲೆಯಾದರೋ ಜಿಪುಣನಂತೆ ಎತ್ತರವನ್ನು ಅಂಗುಲ ಅಂಗುಲವಾಗಿ ವೆಚ್ಚ ಮಾಡುತ್ತದೆ. ಆದುದರಿಂದಲೇ ಅದು ನೇರವಾಗಿ ಹೋಗದೆ ದಿಬ್ಬಗಳ ಮಗ್ಗುಲನ್ನು ಬಳಸಿ, ಸುತ್ತಿಕೊಂಡು ಬರುತ್ತದೆ.

ಕೊನೆಯ ಗದ್ದೆಯ ಪಾಡು

ಈ ಲೆಕ್ಕ ಎಷ್ಟು ನಾಜೂಕಾದುದೆಂಬುದು ಬೇಸಗೆಯ ಬೆಳೆಗೆ ನೀರು ಬಿಟ್ಟಾಗ ತಿಳಿಯುತ್ತದೆ. ನಾಲೆಯಲ್ಲಿ ಹೂಳು ತುಂಬಿ ಜೊಂಡು ಬೆಳೆದರೆ ತಡೆ ಹೆಚ್ಚುತ್ತದೆ, ನಡೆ ಕುಂದುತ್ತದೆ. ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪಿಟ್ಟು ನೀರೆತ್ತಿದರೆ ಕೆಳಭಾಗಕ್ಕೆ ಎರಡು ಬಗೆಯ ನಷ್ಟ: ನೀರಿನ ಪ್ರಮಾಣವೂ ಇಳಿಯುತ್ತದೆ, ಆಳ ತಗ್ಗಿದ್ದರಿಂದ ವೇಗವೂ ಇಳಿಯುತ್ತದೆ. ತೆಳ್ಳಗೆ ಹರಿಯುವ ನೀರಿನಲ್ಲಿ ತಳವನ್ನು ಉಜ್ಜುವ ಪಾಲು ಹೆಚ್ಚು, ಮುಂದಕ್ಕೆ ಎಳೆಯುವ ತೂಕ ಕಡಿಮೆ. ಅಗಲವಾದ ನಾಲೆಯಲ್ಲಿ ನೀರಿನ ಆಳ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗಿ ಉಳಿಯುವುದಿಲ್ಲ, ಮೂರನೆಯ ಒಂದು ಪಾಲಿಗೆ ಕುಸಿಯುತ್ತದೆ. ನಿಧಾನವಾದ ನೀರನ್ನು ಮಣ್ಣೂ ಬಿಸಿಲೂ ಹೆಚ್ಚು ಹೊತ್ತು ಹೀರುತ್ತವೆ. ಕೊನೆಯ ಗದ್ದೆಯ ರೈತನಿಗೆ ಉಳಿಯುವುದು ಒದ್ದೆ ಮಣ್ಣು ಮಾತ್ರ.

ಭಾನುವಳ್ಳಿಯ ಕಡೆಯ ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬಹುದು. ಗದ್ದೆಗೆ ಹೋಗುವ ಕಿರುಗಾಲುವೆಯ ದಂಡೆಯಲ್ಲಿ ಹತ್ತು ಮೀಟರ್ ಗುರುತಿಸಿ, ಒಂದು ಒಣಗಿದ ಎಲೆಯನ್ನು ತೇಲಿಬಿಟ್ಟು, ಅದು ದಾಟುವ ಕಾಲವನ್ನು ಗಡಿಯಾರದಿಂದ ನೋಡಬೇಕು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ವೇಗವನ್ನು ಕಾಲುವೆಯ ಅಗಲ ಮತ್ತು ಆಳಗಳಿಂದ ಗುಣಿಸಿದರೆ ಸೆಕೆಂಡಿಗೆ ಹರಿಯುವ ನೀರು. ಮೇಲ್ಮೈಯ ನೀರು ತಳದ ನೀರಿಗಿಂತ ಚುರುಕಾದುದರಿಂದ ಬಂದ ಲೆಕ್ಕದಲ್ಲಿ ತುಸು ಕಳೆಯಬೇಕು. ಕಾಲುವೆಯ ಜೊಂಡನ್ನು ಕಿತ್ತ ಮೇಲೆ, ಅಷ್ಟೇ ನೀರು ಬರುವ ಇನ್ನೊಂದು ದಿನ, ಮತ್ತೆ ಅಳೆದರೆ ಎಲೆ ಮೊದಲಿಗಿಂತ ಬೇಗ ದಾಟುವುದು ಕಾಣುತ್ತದೆ. ಭೂಮಿಯ ಎಳೆತ ಎರಡು ದಿನವೂ ಒಂದೇ. ಅದು ಲಕ್ಕವಳ್ಳಿಯಲ್ಲಿ ಎಷ್ಟೋ ಭಾನುವಳ್ಳಿಯಲ್ಲಿಯೂ ಅಷ್ಟೆ. ಅದಕ್ಕೆ ಮೇಲಿನವರು ಕೆಳಗಿನವರು ಎಂಬ ಭೇದವಿಲ್ಲ. ದಾರಿಯನ್ನು ತೆರವಾಗಿಡುವ ಕೆಲಸ ಮಾತ್ರ ಮನುಷ್ಯರದು.