ತೆಳ್ಳನೆ ಕಿಸೆಯವನ ಮುಂಬಯಿ ಇನ್ನೆಷ್ಟು ದಿನ?

ಕರಾವಳಿಯಲ್ಲಿ ಮುಂಬಯಿಯ ನಂಟಿಲ್ಲದ ಮನೆ ಹುಡುಕುವುದು ಕಷ್ಟ. ಒಬ್ಬರ ಭಾವ ಅಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾನೆ, ಇನ್ನೊಬ್ಬರ ಮಗಳು ಬ್ಯಾಂಕಿನಲ್ಲಿದ್ದಾಳೆ. ಮದುವೆ, ಸೀಮಂತ, ಗೃಹಪ್ರವೇಶ ಎಂದು ವರ್ಷಕ್ಕೊಮ್ಮೆ ಹೋಗಿ ಬರುವವರು ಬೇಕಾದಷ್ಟು. ಹೋಗಿ ಬಂದವರನ್ನು, "ಏನ್ರೀ ನೋಡಿದ್ರಿ?" ಎಂದು ಕೇಳಿ. "ಸಿದ್ಧಿವಿನಾಯಕ, ಒಂದು ಮಾಲು, ಭಾವನ ಫ್ಲಾಟು." ಮುಗೀತು.

ಮಾಲು ನೋಡಲಿಕ್ಕೆ ಮುಂಬಯಿವರೆಗೆ ಹೋಗಬೇಕೆ ಸ್ವಾಮೀ? ಅದೇ ಗಾಜು, ಅದೇ ತಣ್ಣನೆ ಗಾಳಿ, ಅದೇ ಏರುವ ಮೆಟ್ಟಿಲು ಮಂಗಳೂರಿನಲ್ಲೂ ಉಂಟು. ನೋಡಬೇಕಾದ ಮುಂಬಯಿ ಇರುವುದು ಬೋರಿಬಂದರಿನಿಂದ ಭೆಂಡಿ ಬಜಾರಿನವರೆಗಿನ ಎರಡು ಮೂರು ಕಿಲೋಮೀಟರಿನಲ್ಲಿ. ಕಿಸೆ ತೆಳ್ಳಗಿದ್ದವನೂ ಅಲ್ಲಿ ಕಣ್ತುಂಬ ನೋಡಬಹುದು, ಹೊಟ್ಟೆ ತುಂಬ ತಿನ್ನಬಹುದು, ಚೀಲ ತುಂಬ ತರಬಹುದು. ಆದರೆ ಆ ಮುಂಬಯಿ ಈಗ ಒಂದೊಂದೇ ಕಡೆಯಿಂದ ಕರಗುತ್ತಿದೆ. ನೋಡುವವರು ಬೇಗ ನೋಡುವುದು ಒಳ್ಳೆಯದು.

ನಿಲ್ದಾಣದ ಪಕ್ಕ ಬಿಜಾಪುರ

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಕರಾವಳಿಯವರಿಗೆ ಮುಂಬಯಿ ಒಂದು ರಾತ್ರಿಯ ದಾರಿಯಾಯಿತು. ಹಳಬರ ಬಾಯಲ್ಲಿ ಇಂದಿಗೂ ಬೋರಿಬಂದರ್ ಎನಿಸಿಕೊಂಡಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕಟ್ಟಲು 1878ರಿಂದ ಹತ್ತು ವರ್ಷ ಹಿಡಿಯಿತು. ನಕ್ಷೆ ಬರೆದವನು ಎಫ್. ಡಬ್ಲ್ಯು. ಸ್ಟೀವನ್ಸ್. 2004ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿತು. ಕಲ್ಲಿನ ಕಂಬದ ಮೇಲೆ ನವಿಲು, ಮಂಗ, ಸಿಂಹ ಎಲ್ಲ ಕೂತಿವೆ. ಆದರೆ ದಿನಾ ಅದರ ಕೆಳಗೆ ಓಡುವ ಲಕ್ಷಾಂತರ ಜನ ತಲೆ ಎತ್ತುವುದಿಲ್ಲ. ಅವರಿಗೆ ಲೋಕಲ್ ತಪ್ಪುತ್ತದೆ!

ನಿಲ್ದಾಣದಿಂದ ಹೊರಬಿದ್ದು ಪಕ್ಕದ ದೊಡ್ಡ ಅಂಚೆ ಕಚೇರಿಯ ಗುಮ್ಮಟ ನೋಡಿ. ಎಲ್ಲೋ ನೋಡಿದ ಹಾಗಿದೆಯಲ್ಲ? ಹೌದು, ನಮ್ಮ ಬಿಜಾಪುರದ ಗೋಳಗುಮ್ಮಟದ ನೆರಳೇ ಅದು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಆ ಮಾದರಿ ಹಿಡಿದು ಮಾಡಿಸಿದ ಕಟ್ಟಡ 1913ರಲ್ಲಿ ಮುಗಿಯಿತು. ಕನ್ನಡ ನಾಡಿನ ಗುಮ್ಮಟವೊಂದು ಮುಂಬಯಿಯ ಕಾಗದ ಪತ್ರ ಕಾಯುತ್ತ ನೂರು ವರ್ಷ ದಾಟಿದೆ. ಒಳಗೆ ಹೋಗಿ ಒಂದು ಕಾರ್ಡು ಬರೆದು ಮನೆಗೆ ಹಾಕಿದರೆ ಖರ್ಚೂ ಇಲ್ಲ, ನೆನಪೂ ಉಳಿಯುತ್ತದೆ.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಬಸ್ಸು ಹಿಡಿಯಬಹುದು, ನಡೆಯಲೂಬಹುದು. 1911ರಲ್ಲಿ ಅಡಿಗಲ್ಲು, 1924ರಲ್ಲಿ ಉದ್ಘಾಟನೆ. ರಾಜನ ಸ್ವಾಗತಕ್ಕೆಂದು ಹುಟ್ಟಿದ ಕಮಾನಿನ ಕೆಳಗಿಂದಲೇ 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಿತು. ಎಲಿಫೆಂಟಾ ಗುಹೆಗಳಿಗೆ ದೋಣಿ ಹೊರಡುವುದೂ ಅಲ್ಲಿಂದಲೇ. ಸುಮಾರು ಒಂದು ಗಂಟೆಯ ಪ್ರಯಾಣ. ದ್ವೀಪದಲ್ಲಿ ಮೆಟ್ಟಿಲು ಹತ್ತಿದರೆ ಮೂರು ಮುಖದ ಶಿವ. ಸೋಮವಾರ ಬಾಗಿಲಿಲ್ಲ. 2024ರ ಡಿಸೆಂಬರ್ 18ರಂದು ಇದೇ ದಾರಿಯ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಜೀವರಕ್ಷಕ ಅಂಗಿ ಕೊಟ್ಟರೆ "ಸೆಕೆ" ಎಂದು ಪಕ್ಕಕ್ಕಿಡಬೇಡಿ. ಕೊಡದಿದ್ದರೆ ಕೇಳಿ ಪಡೆಯಿರಿ.

ಒಂದು ಗಲ್ಲಿ, ಒಂದು ಮಾಲು

ಇನ್ನು ಪೇಟೆ. ಬೋರಿಬಂದರಿನಿಂದ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಕ್ರಾಫರ್ಡ್ ಮಾರ್ಕೆಟ್. 1869ರ ಕಟ್ಟಡ. ಹಣ್ಣು, ಒಣಹಣ್ಣು, ಅಲಂಕಾರದ ಸಾಮಾನು ಎಲ್ಲ ಒಂದೇ ಮಾಡಿನ ಕೆಳಗೆ. ಬಾಗಿಲ ಮೇಲಿನ ರೈತರ ಕೆತ್ತನೆ ಮಾಡಿದವನು ಲಾಕ್‌ವುಡ್ ಕಿಪ್ಲಿಂಗ್, ಇಂಗ್ಲಿಷ್ ಸಾಹಿತಿ ರುಡ್ಯಾರ್ಡ್ ಕಿಪ್ಲಿಂಗನ ಅಪ್ಪ. ಈಗಿನ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. ಟ್ಯಾಕ್ಸಿಯವನಿಗೆ ಮಾತ್ರ ಹಳೇ ಹೆಸರೇ ಹೇಳಬೇಕು.

ಅದರಾಚೆಗೆ ಶುರುವಾಗುತ್ತದೆ ನೋಡಿ ನಮ್ಮ ಅಂಗಡಿಯವರು ಕಣ್ಣುಬಿಟ್ಟು ನೋಡಬೇಕಾದ ಲೋಕ. ಮಂಗಳದಾಸ್ ಮಾರ್ಕೆಟ್ ಎಂದರೆ ಬಟ್ಟೆ, ಬರೀ ಬಟ್ಟೆ. ಲೋಹಾರ್ ಚಾಳ್ ಎಂದರೆ ದೀಪ, ಸ್ವಿಚ್ಚು, ವಯರು. ಅಬ್ದುಲ್ ರೆಹಮಾನ್ ಬೀದಿಯಲ್ಲಿ ಪುಸ್ತಕ, ಪೆನ್ನು, ಕಾಗದ. ಝವೇರಿ ಬಜಾರಿನಲ್ಲಿ ಚಿನ್ನ. ಭುಲೇಶ್ವರದಲ್ಲಿ ಹೂವು, ಬಳೆ, ದೇವರ ಸಾಮಾನು. ಮಸ್ಜಿದ್ ಬಂದರ್ ಕಡೆ ಹೋದರೆ ಮೂಗೇ ಹೇಳುತ್ತದೆ, ಅದು ಮಸಾಲೆ.

ಒಂದೇ ಸಾಮಾನಿನ ಅಂಗಡಿ ಸಾಲಾಗಿ ನೂರಿದ್ದರೆ ಹೊಟ್ಟೆ ತುಂಬುವುದು ಹೇಗೆ? ನಮ್ಮೂರಲ್ಲಿ ಎದುರಿಗೆ ಇನ್ನೊಂದು ಚಪ್ಪಲಿ ಅಂಗಡಿ ಬಂದರೆ ಮಾತು ಬಿಡುವವರಿದ್ದಾರೆ! ಅಲ್ಲಿನ ಲೆಕ್ಕವೇ ಬೇರೆ. ನೂರು ಅಂಗಡಿ ಒಂದೇ ಗಲ್ಲಿಯಲ್ಲಿದ್ದರೆ ಗಿರಾಕಿ "ಅಲ್ಲಿ ಸಿಕ್ಕೇ ಸಿಗುತ್ತದೆ" ಎಂದು ಧೈರ್ಯವಾಗಿ ಬರುತ್ತಾನೆ. ತನ್ನಲ್ಲಿಲ್ಲದ ಬಣ್ಣವನ್ನು ಅಂಗಡಿಯವ ಹುಡುಗನನ್ನು ಓಡಿಸಿ ಪಕ್ಕದಿಂದ ತರಿಸುತ್ತಾನೆ. ದರ ಗಲ್ಲಿಗೆಲ್ಲ ಗೊತ್ತಿರುವುದರಿಂದ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಸಾಲ, ಸರಕು, ಸುದ್ದಿ ಮೂರೂ ಅದೇ ಗಲ್ಲಿಯಲ್ಲಿ ಓಡಾಡುತ್ತವೆ.

ಕೊಳ್ಳುವವರಿಗೆ ಒಂದು ಕಿವಿಮಾತು. ಮೊದಲ ಅಂಗಡಿಯಲ್ಲಿ ಕೊಳ್ಳಬೇಡಿ, ಕೇಳಿ ಮುಂದೆ ನಡೆಯಿರಿ. ಮೂರನೆಯದರಲ್ಲಿ ನಿಜವಾದ ದರ ತಿಳಿಯುತ್ತದೆ. "ಎರಡು ಮೀಟರ್ ಕೊಡಿ" ಎಂದವನಿಗೆ ಒಂದು ದರ, "ಊರಲ್ಲಿ ಅಂಗಡಿ ಇದೆ" ಎಂದವನಿಗೆ ಇನ್ನೊಂದು. ಅಳತೆ ನಿಮ್ಮ ಕಣ್ಣೆದುರೇ ಆಗಲಿ. ಗಲ್ಲಿಯ ನಡುವೆ ನಿಂತು ಲೆಕ್ಕ ಮಾಡಬೇಡಿ, ತಲೆ ಮೇಲೆ ಮೂಟೆ ಹೊತ್ತ ಹಮಾಲನಿಗೆ ಬ್ರೇಕಿಲ್ಲ! ಭಾನುವಾರ ಸಗಟು ಗಲ್ಲಿಗಳು ಮಲಗಿರುತ್ತವೆ.

ಹಳೇ ಸಾಮಾನಿನ ಹುಚ್ಚಿದ್ದವರು ಇನ್ನೂ ಉತ್ತರಕ್ಕೆ, ಮಟನ್ ಸ್ಟ್ರೀಟಿನ ಚೋರ್ ಬಜಾರಿಗೆ ಹೋಗಬೇಕು. ಗ್ರಾಮಫೋನು, ಗಡಿಯಾರ, ಹಡಗಿನ ದೀಪ, ಹಿಂದಿ ಸಿನಿಮಾದ ಹಳೇ ಪೋಸ್ಟರು ಎಲ್ಲ ಸಿಗುತ್ತದೆ. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ. ಹಳೇದೆಂದು ಮಾರುವ ಹೊಸದೂ ಅಲ್ಲಿ ಧಾರಾಳ, ಎಚ್ಚರ.

ಪಗಡಿಯ ಗುಟ್ಟು

ದೇಶದಲ್ಲೇ ದುಬಾರಿ ನೆಲದ ಮೇಲೆ ಹತ್ತಡಿ ಅಗಲದ ಗುಂಡಿ ಅಂಗಡಿ, ದಾರದ ಅಂಗಡಿ ಬದುಕಿರುವುದು ಹೇಗೆ? ಉತ್ತರ ಒಂದೇ ಪದ: ಪಗಡಿ.

ಪಗಡಿಯಲ್ಲಿ ಬಾಡಿಗೆದಾರ ಮೊದಲೇ ದೊಡ್ಡ ಮೊತ್ತ ಕೊಟ್ಟು ಒಳಗೆ ಕೂರುತ್ತಾನೆ. ಆಮೇಲೆ ತಿಂಗಳ ಬಾಡಿಗೆ ಹೆಸರಿಗೆ ಮಾತ್ರ. ಅಂಗಡಿ ಅವನದಲ್ಲ, ಆದರೆ ಏಳಿಸುವುದು ಸುಲಭವಲ್ಲ. ತನ್ನ ಹಕ್ಕನ್ನು ಅವನು ಇನ್ನೊಬ್ಬನಿಗೆ ಮಾರಿದರೆ ಮಾಲಿಕನಿಗೆ ಒಂದು ಪಾಲು ಸಲ್ಲುತ್ತದೆ. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೇ ಬಾಡಿಗೆಗಳನ್ನು ಹಿಡಿದು ಕಟ್ಟಿತು. ಒಳಗಿಂದೊಳಗೆ ನಡೆಯುತ್ತಿದ್ದ ಪಗಡಿ ವ್ಯವಹಾರಕ್ಕೆ 1999ರ ಮಹಾರಾಷ್ಟ್ರ ಕಾಯಿದೆ ಮಾನ್ಯತೆ ಕೊಟ್ಟಿತು. ಮೊಮ್ಮಗ ಇಂದಿಗೂ ಅಜ್ಜನ ಅಂಗಡಿಯಲ್ಲೇ ಕೂತಿರುವುದಕ್ಕೆ, ಊಟದ ತಟ್ಟೆಯ ಬೆಲೆ ಆಕಾಶಕ್ಕೆ ಹಾರದಿರುವುದಕ್ಕೆ ಇದು ದೊಡ್ಡ ಕಾರಣ.

ಈ ನಾಣ್ಯಕ್ಕೂ ಇನ್ನೊಂದು ಮುಖ ಉಂಟು. ಚಿಲ್ಲರೆ ಬಾಡಿಗೆ ಬರುವ ಮಾಲಿಕ ಕಟ್ಟಡ ರಿಪೇರಿ ಮಾಡಿಸುವುದೆಲ್ಲಿಂದ? ಗೋಡೆಯಲ್ಲಿ ಆಲದ ಸಸಿ, ಮೆಟ್ಟಿಲಿಗೆ ಮರದ ಊರುಗೋಲು. 2017ರ ಆಗಸ್ಟ್ 31ರ ಬೆಳಗ್ಗೆ ಭೆಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 33 ಮಂದಿ ಸತ್ತರು. ಹಳೇದೇ ಚಂದ ಎಂದು ದೂರದಲ್ಲಿ ಕೂತು ಹೇಳುವವರು ಇದನ್ನು ಮರೆಯಬಾರದು. ಅದೇ ಭೆಂಡಿ ಬಜಾರಿನಲ್ಲಿ ಈಗ 16 ಎಕರೆ ಜಾಗದ ಹಳೇ ಕಟ್ಟಡಗಳನ್ನು ಒಟ್ಟಿಗೆ ಕೆಡವಿ ಗೋಪುರ ಎಬ್ಬಿಸುವ ಕೆಲಸ ಹಂತ ಹಂತವಾಗಿ ನಡೆದಿದೆ. ಮನೆಯವರಿಗೆ ಗಟ್ಟಿ ಗೋಡೆ, ಸ್ವಂತ ಶೌಚಾಲಯ ಸಿಗುತ್ತದೆ. ಆದರೆ ಬೀದಿಗೆ ಮೈಯೊಡ್ಡಿ ಕೂತಿದ್ದ ಅಂಗಡಿಯವನಿಗೆ ಹೊಸ ಗೋಪುರದಲ್ಲಿ ಹಳೇ ಗಿರಾಕಿ ಸಿಗುತ್ತಾನೆಯೇ? ಅಲ್ಲಿನ ವ್ಯಾಪಾರಿಗಳ ನಿದ್ದೆ ಕೆಡಿಸುವ ಪ್ರಶ್ನೆ ಇದು.

ಫುಟ್‌ಪಾತ್ ಯಾರದು?

ಅಂಗಡಿಯ ಮುಂದೆ ಗಾಡಿಯವನು. ಬಾಡಿಗೆ, ಕರೆಂಟು, ತೆರಿಗೆ ಕಟ್ಟುವವನ ಬಾಗಿಲಲ್ಲೇ ಅವನದೇ ಮಾಲನ್ನು ಇವನು ಕಡಿಮೆಗೆ ಕೂಗುತ್ತಾನೆ. ಜಗಳ ಹೊಸದಲ್ಲ, ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಇದ್ದದ್ದೇ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯಿದೆ ಮಾಡಿತು. ಸರ್ವೆ ಮಾಡಿ, ಚೀಟಿ ಕೊಡಿ, ಜಾಗ ತೋರಿಸಿ, ಅಲ್ಲಿಯವರೆಗೆ ಎಬ್ಬಿಸಬೇಡಿ ಎಂದಿತು. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತ ಮೇಲೆ, ನಿಲ್ದಾಣದಿಂದ 150 ಮೀಟರಿನೊಳಗೆ ಗಾಡಿ ಕೂಡದೆಂದು ಹೈಕೋರ್ಟು ಹೇಳಿತು. ಗಾಡಿಯವನ ಹೊಟ್ಟೆಯೂ ನಿಜ, ನಡೆಯುವವನ ಜೀವವೂ ನಿಜ. ಚೀಟಿ, ಜಾಗ ಸರಿಯಾಗಿ ಕೊಡದೆ ದಿನಾ ಬೆಳಗ್ಗೆ ಓಡಿಸಿ, ಸಂಜೆ ಮತ್ತೆ ಕೂರಲು ಬಿಡುವ ಆಟದಲ್ಲಿ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟದ ವಿಚಾರ

ನಡೆದು ನಡೆದು ಹಸಿವಾದರೆ ಬೋರಿಬಂದರಿನಿಂದ ಸ್ಲೋ ಲೋಕಲ್ ಹತ್ತಿ ಮಾಟುಂಗಾದಲ್ಲಿ ಇಳಿಯಿರಿ. ಹತ್ತು ಗಂಟೆಯೊಳಗಿನ ನೂಕಾಟ ಬೇಡ, ಹನ್ನೊಂದರ ಮೇಲೆ ಹೊರಡಿ. ನಿಲ್ದಾಣದ ಎದುರಿನ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಚೀಟಿ ಹಿಡಿದು ಕಾಯಬೇಕು, ಬಾಳೆ ಎಲೆ ಮುಂದೆ ಕೂರಬೇಕು. ಬೆಳಗ್ಗಿನ ತಿಂಡಿಗೆ ಹೋದವರಿಗೆ ಅದೇ ಪೇಟೆಯಲ್ಲಿ 1940ರ ಕೆಫೆ ಮದ್ರಾಸ್ ಉಂಟು. ಸರದಿ ನೋಡಿ ಹೆದರಬೇಡಿ, ಬೇಗ ಕರಗುತ್ತದೆ.

ಈ ಹೋಟೆಲುಗಳ ಇಡ್ಲಿ ಸಾಂಬಾರಿನ ಹಿಂದೆ ಒಂದು ಕತೆ ಇದೆ. ಎಂಟನೆಯ ಕ್ಲಾಸಿಗೆ ಸ್ಲೇಟು ಇಟ್ಟು, ಅಂಗಿಚಡ್ಡಿ ಗಂಟುಕಟ್ಟಿ ಕರಾವಳಿಯಿಂದ ಹೊರಟ ಹುಡುಗರು ಹಗಲು ಇಂಥ ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಹಾಗೆ ಓದಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ಒಬ್ಬಿಬ್ಬರಲ್ಲ. 1926ರ ಮೈಸೂರು ಅಸೋಸಿಯೇಶನ್ ಇದೇ ಮಾಟುಂಗಾದಲ್ಲಿದೆ. ಊಟವಾದ ಮೇಲೆ ಆ ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಕಿವಿಗೆ ಕನ್ನಡ, ತುಳು, ಕೊಂಕಣಿ, ತಮಿಳು ಒಟ್ಟಿಗೇ ಬೀಳುತ್ತವೆ.

ದಾದರ್ ಕಡೆ ಬಂದರೆ ವಡಾ ಪಾವ್. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಪಾವಿನ ನಡುವೆ ಬಟಾಟೆ ವಡೆ ಇಟ್ಟರು ಎನ್ನುವುದು ಪ್ರತೀತಿ. ಓಡುವ ಊರಿಗೆ ಓಡುತ್ತಲೇ ತಿನ್ನುವ ತಿಂಡಿ. ಕೂತು ಕಾಲ ಕಳೆಯುವವರಿಗೆ ಮರೀನ್ ಲೈನ್ಸ್ ಹತ್ತಿರ 1904ರ ಕಯಾನಿ ಎಂಬ ಇರಾನಿ ಹೋಟೆಲು. ಬೆಣ್ಣೆ ಸವರಿದ ಬನ್ನು ಚಹಾದಲ್ಲಿ ಅದ್ದಬೇಕು. ಇಂಥ ಇರಾನಿ ಹೋಟೆಲುಗಳು ಒಂದು ಕಾಲಕ್ಕೆ ಮೂಲೆಗೊಂದಿದ್ದವು. ಈಗ ಬೆರಳು ಮಡಚಿ ಎಣಿಸಬೇಕು.

ಮೇಲಿನ ಮುಂದಿನ ಸೀಟು

ಬಸ್ಸಿನ ಮಾತಿಲ್ಲದೆ ಮುಂಬಯಿ ಮುಗಿಯುವುದಿಲ್ಲ. ಅಲ್ಲಿ ಬೆಸ್ಟ್ ಬಸ್ಸು ಓಡಲು ಶುರುವಾದದ್ದು 1926ರಲ್ಲಿ. 1937ರಲ್ಲಿ ಬಂದ ಡಬಲ್ ಡೆಕ್ಕರಿನ ಮಹಡಿಯ ಮುಂದಿನ ಸೀಟು ಬಡವನ ಸಿಂಹಾಸನ. ಅಲ್ಲಿ ಕೂತರೆ ಊರೇ ಸಿನಿಮಾ. ಹಳೇ ಡೀಸೆಲ್ ಡಬಲ್ ಡೆಕ್ಕರಿನ ಕೊನೆಯ ಓಟ 2023ರ ಸೆಪ್ಟೆಂಬರ್ 15ರಂದು ಮುಗಿಯಿತು. ಜನ ಹಾರ ಹಾಕಿ ಕಳಿಸಿಕೊಟ್ಟರು. ಬ್ಯಾಟರಿಯ ತಣ್ಣನೆ ಡಬಲ್ ಡೆಕ್ಕರು ಅದೇ ವರ್ಷದ ಫೆಬ್ರವರಿಯಲ್ಲಿ ರಸ್ತೆಗಿಳಿದಿತ್ತು. ಗಾಜಿನ ಹಿಂದೆ ಕೂರಬಹುದು, ಮುಖಕ್ಕೆ ಗಾಳಿ ಇಲ್ಲ.

2019ರಲ್ಲಿ 5 ರೂಪಾಯಿಗೆ ಇಳಿಸಿದ್ದ ಕನಿಷ್ಠ ಟಿಕೀಟು 2025ರ ಮೇ ತಿಂಗಳಿನಲ್ಲಿ 10 ರೂಪಾಯಿಯಾಯಿತು, ಎಸಿ ಬಸ್ಸಿನದು 12. ಅದೇ ವರ್ಷದ ಅಕ್ಟೋಬರಿನಲ್ಲಿ ನೆಲದಡಿಯ ಮೆಟ್ರೋ ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. 33.5 ಕಿಲೋಮೀಟರು, 27 ನಿಲ್ದಾಣ, ಕಾಲ್ಬಾದೇವಿಯ ಪೇಟೆಯಡಿಯಲ್ಲೂ ಒಂದು. ಸೌಕರ್ಯ ಒಳ್ಳೆಯದೇ. ಆದರೆ ದಿನಗೂಲಿಯ ಹಮಾಲ, ಗುಂಡಿ ಅಂಗಡಿಯ ಹುಡುಗ ಬಸ್ಸನ್ನೇ ನಂಬಿದವರು. ಬಸ್ಸು ಕಡಿಮೆಯಾಗಿ ಟಿಕೀಟು ಏರಿದರೆ ಏಟು ಮೊದಲು ಬೀಳುವುದು ಅವರಿಗೆ.

ಬಸ್ಸು, ಪಗಡಿ ಅಂಗಡಿ, ಊಟದ ಮನೆ ಈ ಮೂರೂ ಸೇರಿದ್ದರಿಂದಲೇ ಬಡವನಿಗೆ ಮುಂಬಯಿ ದಕ್ಕಿತ್ತು. ಕರಾವಳಿಯ ಹುಡುಗನಿಗೂ ದಕ್ಕಿತ್ತು. ಮೂರರಲ್ಲಿ ಒಂದು ಹೋದರೂ ಉಳಿದೆರಡು ಕುಂಟುತ್ತವೆ. ಊರು ಹೊಸದಾಗಲಿ, ಬೇಡ ಎನ್ನುವವರಾರು? ಹೊಸದರಲ್ಲಿ ಹತ್ತಡಿ ಅಂಗಡಿಗೂ ಹತ್ತಡಿ ಜಾಗ ಇಟ್ಟಿದ್ದಾರೆಯೇ ಎಂದು ಮಾತ್ರ ಕೇಳಬೇಕು. ನಮ್ಮ ಪೇಟೆಯ ರಸ್ತೆ ಅಗಲವಾಗುವ ದಿನ ನಾವೂ ಕೇಳಬೇಕಾದ ಮಾತಿದು.

ಮುಂದಿನ ಸಲ ಭಾವನ ಮನೆಗೆ ಹೋದಾಗ ಮಾಲಿಗೆ ಒಂದು ದಿನ ರಜೆ ಕೊಡಿ. ಮಂಗಳದಾಸಿನಲ್ಲಿ ಹೆಂಡತಿಗೆ ರವಿಕೆ ಕಣ, ಲೋಹಾರ್ ಚಾಳಿನಲ್ಲಿ ಜಗಲಿಗೊಂದು ದೀಪ, ಮಾಟುಂಗಾದಲ್ಲಿ ಎಲೆ ಊಟ, ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಸೂರ್ಯ ಮುಳುಗುವ ನೋಟ. ಕಟ್ಟೆಗೆ ಇನ್ನೂ ಟಿಕೀಟು ಇಟ್ಟಿಲ್ಲ.