ಆಟ ಎಲ್ಲರದು, ಪುಸ್ತಕ ಯಾರದು?

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರು ದಾಟಿ ಮಂಡ್ಯದತ್ತ ಹೊರಟರೆ ಸಿಗುವ ಊರು ಗೆಜ್ಜಲಗೆರೆ. ಜಿಲ್ಲಾ ಹಾಲು ಒಕ್ಕೂಟದ ಡೇರಿಯಿಂದಾಗಿ ಈ ಹೆಸರು ಹೊರಗಿನವರಿಗೂ ಪರಿಚಿತ. ಬೇಸಿಗೆ ರಜೆ ಬಂತೆಂದರೆ ಇಂಥ ಊರುಗಳ ಜಗಲಿಯ ಮೇಲೆ ಸೀಮೆಸುಣ್ಣದ ಚೌಕಗಳು ಮೂಡುವುದುಂಟು. ಹುಣಸೆ ಬೀಜವನ್ನು ಉಜ್ಜಿ ಒಂದು ಬದಿ ಬಿಳುಪು ಮಾಡಿದರೆ ದಾಳ, ಬಳೆಚೂರು, ಕಡ್ಡಿಚೂರುಗಳೇ ಕಾಯಿ. ಚೌಕಾಬಾರ ಆಡಲು ಯಾರ ಅಪ್ಪಣೆಯೂ ಬೇಡ.

ಅಂಥ ಜಗಲಿಯ ಮೇಲೆ ಕುಳಿತ ಪಿಯುಸಿ ಹುಡುಗನೊಬ್ಬನಿಗೆ ಹೊಸ ಆಟವೊಂದು ಹೊಳೆಯಿತು ಎಂದಿಟ್ಟುಕೊಳ್ಳಿ. ಒಬ್ಬ ಕತೆ ಹೇಳುತ್ತಾ ಹೋಗಬೇಕು, ಉಳಿದವರು ಅದರ ಪಾತ್ರಗಳಾಗಬೇಕು. ಕತೆ ಮದ್ದೂರು ಬಳಿಯ ಶಿವಪುರದಲ್ಲಿ 1938ರಲ್ಲಿ ನಡೆದ ಧ್ವಜ ಸತ್ಯಾಗ್ರಹದ್ದು. ನಿಷೇಧವಿದ್ದರೂ ಬಾವುಟ ಹಾರಿಸಬೇಕು. ಪೊಲೀಸರ ಕಣ್ಣು ತಪ್ಪಿಸಿದರೋ ಸಿಕ್ಕಿಬಿದ್ದರೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಿಯಮಗಳನ್ನು ಮಾತ್ರ ಅವನು ಅಮೆರಿಕದ ಹೆಸರಾಂತ ಆಟವೊಂದರ ಪುಸ್ತಕದಿಂದ ತೆಗೆದುಕೊಂಡಿದ್ದಾನೆ. ಅಚ್ಚು ಹಾಕಿಸಿ ಮಾರುವ ಆಸೆ. ಅವನ ಅಪ್ಪನ ಪ್ರಶ್ನೆ ಒಂದೇ: ‘ಬ್ಯಾರೆಯೋರ ಆಟ ಎತ್ಕಂಡು ಪುಸ್ತಕ ಮಾಡುದ್ರೆ ಕೋರ್ಟು ಗೀರ್ಟು ಅಂತ ಬಂದ್ಬುಟ್ರೆ ಏನ್ಲಾ ಮಾಡದು?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮದ್ದೂರು ವಡೆಯಲ್ಲಿದೆ!

ವಡೆ, ಪುಸ್ತಕ, ಬೋರ್ಡು

ಮದ್ದೂರು ವಡೆಯ ಹದ ತಿಳಿದುಕೊಂಡು ಮನೆಯಲ್ಲಿ ಕರಿದರೆ ಯಾರೂ ಕೃತಿಸ್ವಾಮ್ಯದ ದಾವೆ ಹೂಡಲಾರರು. ಆದರೆ ಯಾರೋ ಬರೆದ ಅಡುಗೆ ಪುಸ್ತಕದ ಪುಟಗಳನ್ನು ಹಾಗೆಯೇ ನಕಲು ಮಾಡಿ ಮಾರಿದರೆ ತಪ್ಪು. ಇನ್ನೊಬ್ಬರ ಹೋಟೆಲಿನ ಬೋರ್ಡನ್ನು ತನ್ನ ಅಂಗಡಿಗೆ ತೂಗುಹಾಕಿದರೆ ಅದು ಬೇರೆಯದೇ ತಪ್ಪು. ವಡೆಯ ಹದ ಎಂದರೆ ಆಟದ ನಿಯಮ. ಪುಸ್ತಕದ ಮಾತುಗಳಿಗೆ, ಚಿತ್ರಗಳಿಗೆ ಇರುವುದು ಕೃತಿಸ್ವಾಮ್ಯ. ಬೋರ್ಡಿಗೆ ಇರುವುದು ಟ್ರೇಡ್ ಮಾರ್ಕ್.

2008ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದದ್ದೂ ಇಂಥದೇ ಪ್ರಕರಣ. ‘ಸ್ಕ್ರ್ಯಾಬಲ್’ ಎಂಬ ಪದಗಳ ಆಟವನ್ನು ಹೋಲುವ ‘ಸ್ಕ್ರ್ಯಾಬುಲಸ್’ ಆಟವನ್ನು ಕೋಲ್ಕತ್ತಾದ ಇಬ್ಬರು ಸಹೋದರರು ಕಂಪ್ಯೂಟರಿಗೆ ಅಳವಡಿಸಿದ್ದರು. ಆಟದ ಮಣೆ, ನಿಯಮಗಳ ಮೇಲೆ ಮ್ಯಾಟೆಲ್ ಕಂಪೆನಿ ಕೇಳಿದ ಕೃತಿಸ್ವಾಮ್ಯವನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಹೆಸರಿನ ಬಳಕೆಗೆ ತಡೆ ನೀಡಿತು. ಆಟ ಉಳಿಯಿತು, ಬೋರ್ಡು ಇಳಿಯಿತು.

ಕಾರಂತರ ಯಕ್ಷಗಾನ

ಎಲ್ಲರಿಗೂ ಸೇರಿದ ಪರಂಪರೆಯಲ್ಲಿ ಒಬ್ಬರ ಸ್ವಂತದ್ದು ಯಾವುದು? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಯಕ್ಷಗಾನ ಶಿವರಾಮ ಕಾರಂತರಿಗಿಂತ ಎಷ್ಟೋ ಹಳೆಯದು. ಆದರೆ ಅವರು ಅದಕ್ಕೆ ಬ್ಯಾಲೆಯ ಹೊಸ ರೂಪ ಕೊಟ್ಟು ಏಳು ಪ್ರಸಂಗಗಳನ್ನು ಸಿದ್ಧಪಡಿಸಿದ್ದರು. ಅವುಗಳಲ್ಲಿ ‘ಅಭಿಮನ್ಯು ವಧೆ’ಯನ್ನು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ 2001ರಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿದಾಗ, ಕಾರಂತರ ಉಯಿಲಿನಂತೆ ಹಕ್ಕು ಪಡೆದಿದ್ದ ಮಾಲಿನಿ ಮಲ್ಯ ನ್ಯಾಯಾಲಯಕ್ಕೆ ಹೋದರು. ಉಡುಪಿಯಲ್ಲಿ ಶುರುವಾದ ದಾವೆ ಸುಪ್ರೀಂ ಕೋರ್ಟಿನ ತನಕ ಬಂತು. 2009ರ ತೀರ್ಪು ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, ಶಿಕ್ಷಣದಂಥ ಉದ್ದೇಶಗಳಿಗೆ ಕಾಯ್ದೆಯ 52ನೇ ಕಲಮು ಕೊಟ್ಟಿರುವ ವಿನಾಯಿತಿಗೆ ಈ ತಡೆಯಾಜ್ಞೆ ಅಡ್ಡಬಾರದು ಎಂದೂ ಸ್ಪಷ್ಟಪಡಿಸಿತು.

ಕಾರಂತರು ತೀರಿಕೊಂಡದ್ದು 1997ರಲ್ಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಎಂದರೆ ಅವರ ಕೃತಿಗಳ ಹಕ್ಕು 2057ರ ಕೊನೆಯವರೆಗೆ ಇರುತ್ತದೆ. ಶಿವಪುರದ ಸತ್ಯಾಗ್ರಹ ಇತಿಹಾಸ. ಅದನ್ನು ಯಾರು ಬೇಕಾದರೂ ಆಟವಾಗಿಸಬಹುದು. ಕಾದಂಬರಿಕಾರರು ಕಲ್ಪಿಸಿದ ಪಾತ್ರವನ್ನು ಎತ್ತಿಕೊಳ್ಳುವ ಮುನ್ನ ಮಾತ್ರ ಅನುಮತಿ ಕೇಳಬೇಕು.

ಒಂದು ಪದದ ಬೆಲೆ

ಹುಡುಗನ ಕೈಯಲ್ಲಿದ್ದ ಪುಸ್ತಕದ ಕಥೆ ಇನ್ನೂ ಸ್ವಾರಸ್ಯಕರ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂತು. ಆಗ ಅದರಲ್ಲಿ ಟೋಲ್ಕಿನ್ ಕಾದಂಬರಿಯ ‘ಹಾಬಿಟ್’ಗಳಿದ್ದವು. ಹಕ್ಕುದಾರರು ಆಕ್ಷೇಪಿಸಿದ ಮೇಲೆ ಅವು ‘ಹಾಫ್‌ಲಿಂಗ್’ಗಳಾದವು!

2000ದಲ್ಲಿ ಆಟದ ಒಡೆತನ ಹೊಂದಿದ್ದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪೆನಿ ಮುಕ್ತ ಪರವಾನಗಿಯೊಂದನ್ನು ಪ್ರಕಟಿಸಿತು. ಷರತ್ತು ಪಾಲಿಸಿದರೆ ಯಾರಾದರೂ ಆ ನಿಯಮಗಳನ್ನು ಬಳಸಿ ಹೊಸ ಕತೆಗಳ ಪುಸ್ತಕ ಮಾರಬಹುದು, ಹಣ ಕೊಡಬೇಕಿಲ್ಲ. ಇದನ್ನು ನಂಬಿ ಎಷ್ಟೋ ಸಣ್ಣ ಪ್ರಕಾಶಕರು ಬದುಕು ಕಟ್ಟಿಕೊಂಡರು. 2023ರ ಜನವರಿಯಲ್ಲಿ ಹೊಸ ಕರಡು ಸೋರಿಹೋಯಿತು: ಹಳೆಯ ಪರವಾನಗಿ ಇನ್ನು ನಡೆಯದು, ವರ್ಷಕ್ಕೆ 7.5 ಲಕ್ಷ ಡಾಲರಿಗಿಂತ ಹೆಚ್ಚು ವ್ಯಾಪಾರ ಮಾಡುವವರು ಆ ಹೆಚ್ಚುವರಿಯಲ್ಲಿ ಶೇ. 25ರವರೆಗೆ ಕೊಡಬೇಕು.

ಹಳೆಯ ಪತ್ರದಲ್ಲಿ ‘ಶಾಶ್ವತ’ ಎಂಬ ಪದವಿತ್ತು. ‘ಹಿಂತೆಗೆದುಕೊಳ್ಳಲಾಗದ’ ಎಂಬ ಪದ ಇರಲಿಲ್ಲ. 23 ವರ್ಷಗಳ ನಂಬಿಕೆ ಆ ಒಂದು ಪದಕ್ಕಾಗಿ ತೂಗಾಡಿತು. ಆಟಗಾರರು ತಿರುಗಿಬಿದ್ದರು. ಜನವರಿ 27ರಂದು ಕಂಪೆನಿ ಮೂಲ ನಿಯಮಗಳ ಪಠ್ಯವನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಬಿಟ್ಟುಕೊಟ್ಟಿತು. ಇದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಮೂಲದವರ ಹೆಸರು ಹೇಳಿ ಯಾರೂ ಬಳಸಬಹುದು. ಆದರೆ ಈ ಪರವಾನಗಿಯಿಂದ ಅವರ ಬೋರ್ಡನ್ನು, ಅಂದರೆ ಟ್ರೇಡ್ ಮಾರ್ಕನ್ನು, ಬಳಸುವ ಹಕ್ಕು ಬರುವುದಿಲ್ಲ.

ಅಚ್ಚಿಗೆ ಮುಂಚೆ

ಹಾಗಾದರೆ ಮನೆಯವರು ಗಮನಿಸಬೇಕಾದ್ದೇನು? ನಮ್ಮ ಕಾಯ್ದೆಯಂತೆ ಪರವಾನಗಿ ಬರಹದಲ್ಲಿರಬೇಕು, ಬಾಯಿಮಾತು ಸಾಲದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಅರ್ಥ. ಗೆಳತಿಯೊಬ್ಬಳು ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟರೆ ಅದರ ಹಕ್ಕು ಸಾಮಾನ್ಯವಾಗಿ ಅವಳದೇ. ಅವಳಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯುವುದು ಲೇಸು. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದ್ದರೆ ವ್ಯಾಜ್ಯದಲ್ಲಿ ಸಾಕ್ಷ್ಯವಾಗುತ್ತದೆ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡದವರೆಗೆ ಕಾಯ್ದೆ ಹೇಳುತ್ತದೆ.

ಇನ್ನೊಂದು ಮಾತು. 18 ತುಂಬದವರು ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಪಿಯುಸಿ ಹುಡುಗ ಪುಸ್ತಕದ ಹಕ್ಕುದಾರನಾಗಬಹುದು; ಪ್ರಕಾಶಕರ ಜೊತೆಗಿನ ಪತ್ರಕ್ಕೆ ಮಾತ್ರ ದೊಡ್ಡವರೇ ಮುಂದೆ ನಿಲ್ಲಬೇಕು. ಸಹಿಗೆ ಮುಂಚೆ ವಕೀಲರೊಬ್ಬರಿಗೆ ತೋರಿಸಿದರೆ ಒಳ್ಳೆಯದು.

ಗೆಜ್ಜಲಗೆರೆಯ ಆ ಹುಡುಗ ನಿಯಮಗಳನ್ನು ತನ್ನ ಮಾತಿನಲ್ಲೇ ಬರೆದು, ಬೇರೆಯವರ ಹೆಸರು, ಚಿತ್ರಗಳ ತಂಟೆಗೆ ಹೋಗದೆ, ಎರವಲು ತಂದ ಭಾಗಕ್ಕೆ ಪತ್ರ ಓದಿಕೊಂಡರೆ ಅಪ್ಪನ ಚಿಂತೆ ಬಹುಪಾಲು ಕಳೆದಂತೆ. ನಾಳೆ ಅವನ ಆಟದ ಮೇಲೂ ಯಾರೋ ಹೊಸ ಕತೆ ಕಟ್ಟಲು ಬಂದಾರು. ಆಗ ಪರವಾನಗಿ ಪತ್ರ ಬರೆಯುವ ಸರದಿ ಅವನದು.