ಕಂಪ್ಯೂಟರ್ ಉದ್ಯಮದಲ್ಲಿ ಮಾರಾಟ ಪ್ರತಿನಿಧಿ ವೃತ್ತಿ: ಮಾಲೂರು ತಾಲ್ಲೂಕಿನ ಉದ್ಯೋಗಾಕಾಂಕ್ಷಿಗಳಿಗೆ ಮಾಹಿತಿ

ಕಂಪ್ಯೂಟರ್, ಪ್ರಿಂಟರ್ ಹಾಗೂ ತಂತ್ರಾಂಶಗಳನ್ನು ಮಾರಾಟ ಮಾಡುವ ಸಂಸ್ಥೆಗಳಲ್ಲಿ 'ಸೇಲ್ಸ್ ಎಕ್ಸಿಕ್ಯೂಟಿವ್' ಹುದ್ದೆಗೆ ಸೇರಬಯಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಾಲೂರು ಪಟ್ಟಣವು ಬೆಂಗಳೂರು–ಬಂಗಾರಪೇಟೆ ರೈಲು ಮಾರ್ಗದಲ್ಲಿರುವುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಮಾರುಕಟ್ಟೆಯು ಇಲ್ಲಿಯವರಿಗೆ ದಿನವೂ ಹೋಗಿಬರಬಹುದಾದ ದೂರದಲ್ಲಿದೆ. ತಾಲ್ಲೂಕಿನೊಳಗೂ ಶಾಲೆಗಳು, ಸಹಕಾರ ಸಂಘಗಳು, ಇಟ್ಟಿಗೆ ಮತ್ತು ಹೆಂಚಿನ ಕಾರ್ಖಾನೆಗಳು, ಕೈಗಾರಿಕಾ ಪ್ರದೇಶದ ಘಟಕಗಳು ಗ್ರಾಹಕರಾಗಿರುತ್ತವೆ.

ಕೆಲಸದ ಸ್ವರೂಪ

ಗ್ರಾಹಕರ ಅಗತ್ಯವನ್ನು ತಿಳಿಯುವುದು, ದರಪಟ್ಟಿ ನೀಡುವುದು, ಯಂತ್ರದ ಪ್ರಾತ್ಯಕ್ಷಿಕೆ ತೋರಿಸುವುದು, ಆದೇಶ ಪಡೆದು ಸರಬರಾಜು ಮಾಡಿಸುವುದು, ಕೊನೆಗೆ ಬಾಕಿ ಹಣ ವಸೂಲು ಮಾಡುವುದು. ಇವುಗಳಲ್ಲಿ ಕಡೆಯದೇ ಹೆಚ್ಚು ಕಷ್ಟದ್ದು. ಸರ್ಕಾರಿ ಕಚೇರಿಗಳ ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ. ಅಲ್ಲಿ ಮಾತುಗಾರಿಕೆಗಿಂತ ತಾಂತ್ರಿಕ ವಿವರ ಹಾಗೂ ದಾಖಲೆಗಳ ಕ್ರಮಬದ್ಧತೆಯೇ ಮುಖ್ಯ. ಸಾಮಾನ್ಯವಾಗಿ ಪಿ.ಯು.ಸಿ., ಡಿಪ್ಲೊಮಾ ಅಥವಾ ಪದವಿ ಪಡೆದವರನ್ನು ನೇಮಿಸಿಕೊಳ್ಳಲಾಗುತ್ತದೆ. ಕೋಲಾರ ಜಿಲ್ಲೆಯ ಅನೇಕರಿಗೆ ಕನ್ನಡದೊಂದಿಗೆ ತೆಲುಗು, ತಮಿಳು ಅಥವಾ ಉರ್ದು ಬರುವುದು ಈ ವೃತ್ತಿಯಲ್ಲಿ ಒಂದು ಅರ್ಹತೆಯೇ ಸರಿ. ಅರ್ಜಿಯಲ್ಲಿ ಇದನ್ನು ತಪ್ಪದೆ ನಮೂದಿಸುವುದು.

ನೇಮಕಾತಿ ಪತ್ರ ಮತ್ತು ವೇತನ

ಅಭ್ಯರ್ಥಿಗಳು ಅತಿ ಹೆಚ್ಚು ಗಮನಿಸಬೇಕಾದ ವಿಷಯವಿದು. ಮಾರಾಟ ಪ್ರವರ್ತನಾ ನೌಕರರ ಸೇವಾ ಷರತ್ತುಗಳ ಅಧಿನಿಯಮ, 1976ನ್ನು ಕೇಂದ್ರ ಸರ್ಕಾರವು 2011ರಲ್ಲಿ ಕಂಪ್ಯೂಟರ್ ಉದ್ಯಮಕ್ಕೂ ವಿಸ್ತರಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ದಿನಾಂಕ 21-11-2025ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯು ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ನೀಡತಕ್ಕದ್ದು. ಸಣ್ಣ ಅಂಗಡಿಗಳಿಗೂ ವಿನಾಯಿತಿ ಇದೆಯೆಂದು ಭಾವಿಸಬಾರದು; ಅವುಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಮೇರೆಗೆ ಇದೇ ಹೊಣೆಯಿದೆ.

ಪತ್ರದಲ್ಲಿ 'ನೌಕರ' ಎಂದಿದೆಯೋ 'ಕಮಿಷನ್ ಏಜೆಂಟ್' ಎಂದಿದೆಯೋ ಎಂಬುದನ್ನು ಸಹಿ ಮಾಡುವ ಮೊದಲು ಓದಿ ನೋಡುವುದು. ನೌಕರನಿಗೆ, ಆ ತಿಂಗಳ ಮಾರಾಟದ ಗುರಿ ಮುಟ್ಟದಿದ್ದರೂ, ಕನಿಷ್ಠ ವೇತನ ಸಲ್ಲಲೇಬೇಕು. ಏಜೆಂಟನಿಗೆ ಆ ಭರವಸೆಯಿಲ್ಲ.

ವೇತನ ಸಂಹಿತೆ, 2019ರ ಪ್ರಕಾರ ಕಮಿಷನ್, ಪ್ರಯಾಣ ಭತ್ಯೆ, ಮನೆ ಬಾಡಿಗೆ ಭತ್ಯೆ ಮುಂತಾದವು ವೇತನದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇವುಗಳ ಮೊತ್ತವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸತಕ್ಕದ್ದು. ಉದಾಹರಣೆಗೆ, ಒಟ್ಟು ರೂ. 20,000ದಲ್ಲಿ ಮೂಲ ವೇತನ ರೂ. 6,000, ಕಮಿಷನ್ ಹಾಗೂ ಭತ್ಯೆ ರೂ. 14,000 ಇದ್ದಲ್ಲಿ, ಹೆಚ್ಚುವರಿ ರೂ. 4,000 ಸೇರಿ ವೇತನವು ರೂ. 10,000 ಆಗುತ್ತದೆ. ಗ್ರಾಚ್ಯುಟಿಯಂತಹ ಸೌಲಭ್ಯಗಳನ್ನು ಲೆಕ್ಕ ಹಾಕುವಾಗ ಈ ವ್ಯತ್ಯಾಸ ಸಣ್ಣದಲ್ಲ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ರಾಜೀನಾಮೆ ಅಥವಾ ವಜಾ ಆದಾಗ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಪಾವತಿಸದಿದ್ದಲ್ಲಿ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದು. ಗ್ರಾಹಕರಿಂದ ಪಡೆದ ಹಣಕ್ಕೆ ರಸೀದಿ ಹಾಗೂ ಮಾರಾಟದ ದಿನಚರಿ ಇಟ್ಟುಕೊಂಡಿದ್ದರೆ ಕಮಿಷನ್ ಕುರಿತ ವಿವಾದದಲ್ಲಿ ಅವೇ ಸಾಕ್ಷ್ಯ.

ನೋಂದಣಿ

ಅಭ್ಯರ್ಥಿಗಳು 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬಹುದು. ಕೆಲಸ ಕೊಡಿಸುವುದಾಗಿ ಠೇವಣಿ ಕೇಳುವವರಿಗೆ ಹಣ ನೀಡಬಾರದು. ಸಂದರ್ಶನಕ್ಕೆ ಮೂಲ ಅಂಕಪಟ್ಟಿಗಳನ್ನು ತೋರಿಸಲು ಮಾತ್ರ ಒಯ್ದು, ನಕಲು ಪ್ರತಿಗಳನ್ನಷ್ಟೇ ಸಂಸ್ಥೆಗೆ ಒಪ್ಪಿಸುವುದು.